ಹದಿನೈದು ಹೆಬ್ಬೆಟ್ಟು

ನನ್ನ ಗಂಡನಿಗೆ ಇಬ್ಬರು ಮಕ್ಕಳು. ಒಂದು ಗಂಡು, ಒಂದು ಹೆಣ್ಣು. ನನಗೆ ಒಂದೂ ಇಲ್ಲ. ಅವನಿಗೆ ಬೇರೆ ಹೆಂಡತಿಯೂ ಇಲ್ಲ, ಇಟ್ಟುಕೊಂಡವಳೂ ಇಲ್ಲ. ಹಾಗಾದರೆ ಮಕ್ಕಳು ಎಲ್ಲಿಂದ ಬಂದವು ಅಂತ ಕೇಳುತ್ತೀರಾ? ಆರೋಗ್ಯ ಕಚೇರಿಯ ರಿಜಿಸ್ಟರಿನಲ್ಲಿ ಹುಟ್ಟಿದವು. ಅಲ್ಲಿ ಹೆರಿಗೆ ಬಹಳ ಸುಲಭ. ಪೆನ್ನು ಇದ್ದರೆ ಸಾಕು.

ನಾನು ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ನೆಲಮಾಳಿಗೆಯಲ್ಲಿ ಕೆಲಸ. ಕಿಟಕಿ ಇಲ್ಲ. ಮೇಲಿನ ವಾರ್ಡುಗಳಿಂದ ಬಟ್ಟೆ ಗಾಡಿಯಲ್ಲಿ ಇಳಿಯುತ್ತದೆ. ಹೆರಿಗೆ ವಾರ್ಡಿನ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕುವಂತಿಲ್ಲ, ರಕ್ತ ಕಚ್ಚಿಕೊಂಡುಬಿಡುತ್ತದೆ. ಮೊದಲು ತಣ್ಣೀರಿನ ತೊಟ್ಟಿಯಲ್ಲಿ ನೆನೆಹಾಕಿ ಕಾಲಲ್ಲಿ ತುಳಿಯಬೇಕು. ನೀರು ಕೆಂಪಾಗುತ್ತದೆ. ಬಿಡಬೇಕು, ಮತ್ತೆ ತುಂಬಬೇಕು, ಮತ್ತೆ ತುಳಿಯಬೇಕು. ಮೂರನೆಯ ನೀರು ತಿಳಿಯಾದ ಮೇಲೆ ಬಾಯ್ಲರಿಗೆ. ಆ ತೊಟ್ಟಿ ಎಂಟು ವರ್ಷದಿಂದ ನನ್ನದು. ಒಡೆದ ಹಿಮ್ಮಡಿಯೊಳಗೆ ಬ್ಲೀಚಿಂಗ್ ಪುಡಿ ಇಳಿಯುತ್ತದೆ. ಮನೆಗೆ ಹೋದರೂ ಉರಿ ಬಿಡುವುದಿಲ್ಲ.

“ಇವಳನ್ನೇ ಆ ತೊಟ್ಟಿಗೆ ಬಿಡ್ರೇ. ತುಳಿದೂ ತುಳಿದೂ ಇವಳಿಗೂ ಒಂದು ಅಂಟ್ಕೊಳ್ಳಲಿ” ಅಂತ ಜೊತೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ ಇನ್ನೂ ಜಾಸ್ತಿ ನಗುತ್ತಾರೆ.

ಮನೆಯಲ್ಲಿ ನನ್ನತ್ತೆ ನಗುತ್ತಿರಲಿಲ್ಲ. ನಲವತ್ತು ವರ್ಷ ಬೀದಿ ಗುಡಿಸಿದ ಹೆಂಗಸು. ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ. “ಬರಡು ಎಮ್ಮೆಗೆ ಹುಲ್ಲು ದಂಡ” ಅಂತ ನನ್ನ ತಟ್ಟೆ ನೋಡಿಕೊಂಡೇ ಹೇಳುತ್ತಿದ್ದಳು. ಯಾರೋ ಹೇಳಿದರೆಂದು ಕಹಿ ಬೇರು ಅರೆದು ಕುಡಿಸಿದಳು. ಮೂರು ದಿನ ವಾಂತಿ ಮಾಡಿಕೊಂಡೇ ತೊಟ್ಟಿ ತುಳಿದೆ. ಗಂಡ ಮೂಲೆಯಲ್ಲಿ ಕೂತು ಉಗುರು ಕೆರೆಯುತ್ತಿದ್ದ. ಚರಂಡಿ ಕೆಲಸದವನು. ಎಷ್ಟು ಕೆರೆದರೂ ಆ ಉಗುರು ಬೆಳ್ಳಗಾಗುವುದಿಲ್ಲ. ಅವನು ಒಂದು ಮಾತೂ ಆಡುತ್ತಿರಲಿಲ್ಲ. ಒಳ್ಳೆಯವನು, ತಾಯಿಗೆ ಹೆದರುತ್ತಾನೆ ಅಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು.

ಮದುವೆಯಾದ ಐದನೇ ವರ್ಷ ಅತ್ತೆ ಅವನಿಗೆ ಇನ್ನೊಂದು ಹೆಣ್ಣು ನೋಡಿಕೊಂಡು ಬಂದಳು. ಆ ದಿನ ನಾನು ನಲ್ಲಿಯ ಹತ್ತಿರ ಅವನ ಕೆಲಸದ ಬಟ್ಟೆ ಹಿಂಡುತ್ತಿದ್ದೆ. ಅವನು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

“ಬೇರೆಯೋಳನ್ನ ತಂದ್ರೂ ಆಗಲ್ಲ ಕಣೆ” ಅಂದ. “ತಪ್ಪು ನಿಂದಲ್ಲ. ನಂಗೆ ಮಕ್ಕಳಾಗದಂಗೆ ಆಪರೇಷನ್ ಆಗಿದೆ. ಮದುವೆಗೆ ಮುಂಚೇನೇ.”

ಕೈಯಲ್ಲಿದ್ದ ಒದ್ದೆ ಪ್ಯಾಂಟಿನಿಂದಲೇ ಅವನ ಮುಖಕ್ಕೆ ಹೊಡೆದೆ. ಒಂದಲ್ಲ, ಮೂರು ನಾಲ್ಕು ಏಟು. ಅವನು ಕೈ ಅಡ್ಡ ಇಡಲಿಲ್ಲ. ಐದು ವರ್ಷ ನನ್ನನ್ನು ಬಂಜೆ ಅನ್ನಿಸಿಕೊಳ್ಳಲು ಬಿಟ್ಟು ಉಗುರು ಕೆರೆದುಕೊಂಡು ಕೂತವನನ್ನು ಏನು ಮಾಡಬೇಕು? ಹೊಡೆದು ಸುಸ್ತಾದ ಮೇಲೆ ಕೇಳಿದೆ, ಯಾಕೆ ಮಾಡಿಸಿಕೊಂಡೆ ಅಂತ.

ಆಗ ಅವನಿಗೆ ಇಪ್ಪತ್ತೆರಡು. ಚರಂಡಿ ಗ್ಯಾಂಗಿನ ಷೆಡ್ಡಿನಲ್ಲೇ ಮಲಗುತ್ತಿದ್ದ. ವರ್ಷದ ಕೊನೆ. ಇಷ್ಟು ಜನಕ್ಕೆ ಆಪರೇಷನ್ ಆಗಲೇಬೇಕು ಅಂತ ಮೇಲಿನಿಂದ ಹುಕುಂ. ಹದಿನೈದು ಗಂಡಸರು ಕಡಿಮೆ ಬಿದ್ದರು. ಮದುವೆಯಾದವರೆಲ್ಲ ಸುದ್ದಿ ಕೇಳಿ ಓಡಿಹೋದರು. ಆರೋಗ್ಯ ಕಚೇರಿಯ ಸೂಪರ್‌ವೈಸರ್ ಷೆಡ್ಡಿಗೆ ಬಂದ. ಮದುವೆಯಾಗದ ಹುಡುಗರೇ ಸಿಕ್ಕಿದರು. “ಮಾಡಿಸ್ಕೊಂಡೋರಿಗೆ ಕೆಲಸ ಪರ್ಮನೆಂಟು. ಹೆದರ್ಬೇಡ್ರೋ, ನಲ್ಲಿ ಇದ್ದಂಗೆ. ಈಗ ನಿಲ್ಸೋದು, ಬೇಕಾದಾಗ ತಿರುಗಿಸ್ಕೊಳ್ಳೋದು” ಅಂದನಂತೆ. ಹದಿನೈದು ಜನವನ್ನು ಕಸದ ಲಾರಿಯಲ್ಲಿ ಹತ್ತಿಸಿಕೊಂಡು ಆಪರೇಷನ್ ಕ್ಯಾಂಪಿಗೆ ಹೋದರು. ಸಿಕ್ಕಿದ್ದು ಎರಡು ದಿನ ರಜೆ, ಒಂದು ಬಕೆಟ್ಟು, ಒಂದು ಕಂಬಳಿ. ಪರ್ಮನೆಂಟ್ ಇವತ್ತಿಗೂ ಯಾರೂ ಆಗಿಲ್ಲ.

“ಅಲ್ಲಿ ಅಮ್ಮ ನೆಲ ಒರೆಸ್ತಾ ಇದ್ಳು” ಅಂದ. “ಕ್ಯಾಂಪಿಗೆ ಗುಡಿಸೋಕೆ ಹಾಕಿದ್ರು. ನನ್ನ ನೋಡ್ಬಿಡ್ತಾಳೆ ಅಂತ ಮುಖದ ಮೇಲೆ ಟವೆಲ್ ಹಾಕ್ಕೊಂಡೆ. ನನ್ನ ಮಂಚದ ಕೆಳಗೇ ಒರೆಸ್ಕೊಂಡು ಹೋದ್ಳು. ಅವಳಿಗೆ ಹೇಳ್ಬೇಡ. ಕೈ ಮುಗೀತೀನಿ.”

ಹೇಳಲಿಲ್ಲ. ಅತ್ತೆಯ ಮೇಲಿನ ಕರುಣೆಯಿಂದಲ್ಲ. ಅವಳೆದುರು ಅವನು ಮುದುರಿಕೊಳ್ಳುವುದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. ಹಾಗಾಗಿ ಬಂಜೆ ನಾನೇ ಆಗಿ ಉಳಿದೆ. ಇನ್ನೊಂದು ಹೆಣ್ಣಿನ ಮಾತು ಮಾತ್ರ ಅವನು ಬಾಗಿಲಲ್ಲೇ ಮುರಿದ.

ಒಂದು ದಿನ ಊಟದ ಬಿಡುವಿನಲ್ಲಿ ಅವನನ್ನು ಆಸ್ಪತ್ರೆಗೆ ಕರೆಸಿಕೊಂಡೆ. ನಾವು ಒಗೆದ ಬಟ್ಟೆಯ ಮೇಲೆಯೇ ಊರಿನ ಹೆಂಗಸರೆಲ್ಲ ಹೆರುತ್ತಾರೆ. ನಮಗೂ ಅಲ್ಲಿ ಒಂದು ದಾರಿ ಇರಬೇಕಲ್ಲ. ಡಾಕ್ಟರಮ್ಮ ಒಳ್ಳೆಯ ಹೆಂಗಸು. ಕೂರಿಸಿ ಮಾತಾಡಿಸಿದಳು. ಗಂಡ ಕುರ್ಚಿಯ ತುದಿಯಲ್ಲಿ ಕೂತ. ತನ್ನ ಮೈವಾಸನೆ ಅವರಿಗೆ ತಾಗೀತು ಅಂತ ಉಸಿರನ್ನೇ ಬಿಗಿಹಿಡಿದಿದ್ದ.

“ಕತ್ತರಿಸಿ ಕಟ್ಟಿರೋ ನಾಳಾನ ಮತ್ತೆ ಜೋಡಿಸ್ಬಹುದು” ಅಂದಳು. “ಆದ್ರೆ ನಲ್ಲಿ ತಿರುಗಿಸಿದಷ್ಟು ಸುಲಭ ಅಲ್ಲ, ಯಾರು ಹಾಗೆ ಹೇಳಿದ್ದು? ಸೂಕ್ಷ್ಮ ಕೆಲಸ. ಹನ್ನೊಂದು ವರ್ಷ ಆಗಿದೆ. ವರ್ಷ ಕಳೆದಷ್ಟೂ ಆಸೆ ಕಡಿಮೆ. ಜೋಡಿಸಿದ್ರೂ ಮಗು ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಇನ್ನೊಂದು, ಸೂಜಿಯಿಂದ ಇವರ ಬೀಜ ತೆಗೆದು, ನಿನ್ನ ಅಂಡ ತೆಗೆದು, ಲ್ಯಾಬಲ್ಲಿ ಸೇರಿಸೋದು. ಅದು ಇಲ್ಲಿಲ್ಲ. ಖಾಸಗಿಯವರ ಹತ್ರ ಹೋಗ್ಬೇಕು.”

ಆ ಬಾಗಿಲು ನಮ್ಮ ಎಟುಕಿಗೆ ಸಿಗುವುದಲ್ಲ ಅಂತ ಅವಳಿಗೂ ಗೊತ್ತು, ನಮಗೂ ಗೊತ್ತು. ಅವಳೇ ಮುಂದುವರಿಸಿದಳು.

“ಬೇರೆ ಗಂಡಸಿನ ಬೀಜ ಹಾಕಿಸ್ಕೊಳ್ಬಹುದು. ಯಾರದ್ದು ಅಂತ ಯಾರಿಗೂ ಗೊತ್ತಾಗಲ್ಲ. ಇಲ್ಲಾ, ದತ್ತು ತಗೊಳ್ಳಿ. ನಿನಗೀಗ ಮೂವತ್ತೆರಡು. ಏನೇ ಮಾಡೋದಿದ್ರೂ ತಡ ಮಾಡ್ಬೇಡಿ.”

ಬೇರೆಯವನ ಬೀಜಕ್ಕೆ ನನ್ನ ಅಡ್ಡಿಯಿರಲಿಲ್ಲ. ಮಗು ನನ್ನ ಮೊಲೆಯನ್ನು ಕೇಳುತ್ತದೆಯೇ ಹೊರತು ಅಪ್ಪನ ಗುರುತಿನ ಚೀಟಿಯನ್ನಲ್ಲ. ಆದರೆ ಗಂಡ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತ. “ನಂದನ್ನ ಅವ್ರು ಕಿತ್ಕೊಂಡ್ರು. ಈಗ ಇನ್ನೊಬ್ಬನ ಹತ್ರ ಬೇಡ್ಬೇಕಾ? ನಿಂಗೆ ಬೇಕಿದ್ರೆ ಮಾಡ್ಕೋ. ನಾನು ಬೇಡ ಅನ್ನಲ್ಲ” ಅಂದ. ಹಾಗೆ ಅಂದವನ ಮುಖ ನೋಡಿದ ಮೇಲೆ ಹೇಗೆ ಮಾಡಿಕೊಳ್ಳುವುದು? ದತ್ತು ಕೊಡುವ ಕಡೆ ಹೋಗಿ ಅರ್ಜಿ ಹಾಕಿದೆವು. ಜೋಡಿಸುವ ಆಪರೇಷನ್ನಿಗೂ ಹೆಸರು ಕೊಟ್ಟೆವು. ಆ ಕೆಲಸ ಬಲ್ಲ ಸರ್ಜನ್ ಮೂರು ತಿಂಗಳಿಗೊಮ್ಮೆ ನಮ್ಮ ಆಸ್ಪತ್ರೆಗೆ ಬರುತ್ತಾರೆ. ಬದುಕಿರುವ ಮಕ್ಕಳಿಲ್ಲದವರಿಗೆ ಪುಕ್ಕಟೆ. ಮೊದಲು ಆಪರೇಷನ್ ಮಾಡಿಸಿದ ಕಚೇರಿಯಿಂದ ಹಾಗಂತ ಒಂದು ಪತ್ರ ತಂದರೆ ಆಯಿತು. ಬರೀ ಒಂದು ಪತ್ರ.

ಕಚೇರಿಯ ಗುಮಾಸ್ತ ಹಳೆಯ ರಿಜಿಸ್ಟರ್ ತೆಗೆದ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ನನ್ನ ಮುಖ ನೋಡಿದ.

“ಏನಮ್ಮ, ಹದಿನೇಳು ವರ್ಷದ ಮಗ, ಹದಿನಾಲ್ಕು ವರ್ಷದ ಮಗಳು. ಇಷ್ಟು ದೊಡ್ಡ ಮಕ್ಕಳಿಟ್ಕೊಂಡು ಮತ್ತೆ ಮಗು ಬೇಕಾ? ನಾಚಿಕೆ ಆಗಲ್ವಾ?”

“ಯಾರ ಮಕ್ಕಳು ಸ್ವಾಮಿ?”

“ನಿನ್ನ ಗಂಡಂದೇ. ನೋಡು ಇಲ್ಲಿ. ಆವತ್ತು ಗಂಡಿಗೆ ಆರು, ಹೆಣ್ಣಿಗೆ ಮೂರು. ಗಂಡನ ವಯಸ್ಸು ಮೂವತ್ತು.”

“ಆವತ್ತು ಅವನಿಗೆ ಇಪ್ಪತ್ತೆರಡು. ಅಂದ್ರೆ ಹದಿನಾರನೇ ವಯಸ್ಸಿಗೇ ಮಗ ಹುಟ್ಟಿದ್ನಾ? ಮದುವೇನೇ ಆಗಿರ್ಲಿಲ್ಲ ಅವನಿಗೆ!”

ಗುಮಾಸ್ತನಿಗೆ ಆಶ್ಚರ್ಯವೇ ಆಗಲಿಲ್ಲ. ಅದೇ ನನಗೆ ಹೊಟ್ಟೆಗೆ ಬೆಂಕಿ ಇಟ್ಟಂತಾಯಿತು. ಅವನು ರಿಜಿಸ್ಟರ್ ಮುಚ್ಚಿ ದನಿ ತಗ್ಗಿಸಿದ. ಎರಡು ಮಕ್ಕಳಿಲ್ಲದ ಗಂಡಸಿಗೆ ಆಪರೇಷನ್ ಮಾಡುವಂತಿರಲಿಲ್ಲ. ಅದಕ್ಕೆ ಎಲ್ಲರಿಗೂ ಎರಡೆರಡು ಬರೆದಿದ್ದಾರೆ. ಈಗ ತಿದ್ದಿದರೆ ಬರೆದವರ ತಲೆ ಹೋಗುತ್ತದೆ. ಬರೆದ ಸೂಪರ್‌ವೈಸರ್ ಈಗ ಇದೇ ಕಚೇರಿಗೆ ದೊಡ್ಡ ಸಾಹೇಬ.

“ಸುಲಭದ ದಾರಿ ಹೇಳ್ತೀನಿ ಕೇಳು” ಅಂದ. “ಇಬ್ರೂ ತೀರ್ಕೊಂಡ್ರು ಅಂತ ಬರೆದುಬಿಡೋಣ. ಎರಡು ಸಾವಿನ ಪತ್ರ. ನಾನೇ ಮಾಡಿಸಿಕೊಡ್ತೀನಿ. ಆಗ ನಿಮಗೆ ಬದುಕಿರೋ ಮಕ್ಕಳಿಲ್ಲ. ಪುಕ್ಕಟೆ ಆಪರೇಷನ್. ದತ್ತಿನ ಅರ್ಜೀನೂ ಮುಂದೆ ಬರುತ್ತೆ. ಈಗ ಇಬ್ಬರಿದ್ದಾರೆ ಅಂತ ಅದೂ ಕೊನೆಗೆ ಬಿದ್ದಿರುತ್ತೆ, ನೋಡ್ಕೊ.”

ಎರಡು ಖಾಲಿ ಫಾರಂ ಕೊಟ್ಟ. ಜೊತೆಗೆ ಲಗತ್ತಿಸಲು ಹಳೆಯ ಒಪ್ಪಿಗೆ ಪತ್ರದ ಜೆರಾಕ್ಸು. ಸಾವಿನ ಕಾರಣ ಅನ್ನುವ ಸಾಲನ್ನು ನಾವು ತುಂಬಬೇಕು. ಕೆಳಗೆ ತಾಯಿಯ ಸಹಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅಂತ ಗಾದೆ. ಇವರು ಕೂಸು ಹುಟ್ಟುವ ಮುಂಚೆ ಹೆಣದ ಬಟ್ಟೆ ಹೊಲಿದರು.

“ಹಾಕ್ಬಿಡು” ಅಂದ ಗಂಡ. “ಕಾಗದದಲ್ಲಿ ಹುಟ್ಟಿದ್ವು, ಕಾಗದದಲ್ಲಿ ಸಾಯ್ಲಿ. ನಮ್ಮಪ್ಪಂದೇನು ಹೋಗುತ್ತೆ?”

ಸುಳ್ಳು ಯಾಕೆ ಹೇಳಲಿ, ಹಾಕೋಣ ಅಂತಲೇ ಫಾರಂ ತಂದಿದ್ದೆ. ಮಗು ಬೇಕಿತ್ತು ನನಗೆ. ಎಷ್ಟು ಬೇಕಿತ್ತು ಅಂದರೆ, ಹೆರಿಗೆ ವಾರ್ಡಿನ ಗಾಡಿ ಇಳಿದಾಗ ಯಾರಿಗೂ ಕಾಣದಂತೆ ಮಗುವಿನ ಬಟ್ಟೆಯೊಂದನ್ನು ಮೂಸಿ ನೋಡುತ್ತಿದ್ದೆ. ಮೂರು ದಿನ ಆ ಫಾರಂ ನನ್ನ ರವಿಕೆಯೊಳಗಿತ್ತು. ತೊಟ್ಟಿ ತುಳಿಯುತ್ತಾ ಕಾರಣ ಹುಡುಕಿದೆ. ಜ್ವರ ಅನ್ನಲಾ? ನೀರಿಗೆ ಬಿದ್ದವು ಅನ್ನಲಾ? ಇಬ್ಬರೂ ಒಟ್ಟಿಗೆ ಹೋದರು ಅನ್ನಲಾ, ಬೇರೆ ಬೇರೆಯಾ? ಹುಡುಕುತ್ತಾ ಹುಡುಕುತ್ತಾ ಅವಕ್ಕೆ ಮುಖ ಬಂತು. ಹುಡುಗನಿಗೆ ಅವನಪ್ಪನ ಹಾಗೆ ದಪ್ಪ ಹುಬ್ಬು. ಹುಡುಗಿ ಬಾಯಿಬಡುಕಿ. ಕಾಲು ನಿಂತುಹೋಯಿತು. ತೊಟ್ಟಿಯೊಳಗೇ ಕೂತು ಅತ್ತುಬಿಟ್ಟೆ. ಕೆಂಪು ನೀರು ಸೊಂಟದ ತನಕ. ಜೊತೆಯವರು ಅವತ್ತು ನಗಲಿಲ್ಲ.

ಮನೆಗೆ ಬಂದು ಜೆರಾಕ್ಸನ್ನು ಬಿಡಿಸಿ ಮೊದಲ ಸಲ ಸರಿಯಾಗಿ ನೋಡಿದೆ. ಗಂಡನ ಸಹಿ. ಅದರ ಪಕ್ಕ ‘ಹೆಂಡತಿಯ ಒಪ್ಪಿಗೆ’ ಅಂತ ಒಂದು ಹೆಬ್ಬೆಟ್ಟು. ಯಾವಳಪ್ಪ ನನಗಿಂತ ಮುಂಚಿನ ಈ ಸವತಿ ಅಂತ ಬೆಳಕಿಗೆ ಹಿಡಿದೆ. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಮೇಲಿನಿಂದ ಕೆಳಗೆ, ಸೀಳಿದ ಹಾಗೆ.

ಆ ಗೆರೆ ನನಗೆ ಗೊತ್ತು. ತಿಂಗಳು ತಿಂಗಳು ಪಿಂಚಣಿ ಪುಸ್ತಕದಲ್ಲಿ ನೋಡುತ್ತೇನೆ. ಕಸದಲ್ಲಿ ಬಾಟಲಿ ಗಾಜು ಕುಯ್ದು ಆದ ಗಾಯ. ಅದು ನನ್ನತ್ತೆಯ ಹೆಬ್ಬೆಟ್ಟು.

ಅತ್ತೆ ಹೊಸ್ತಿಲ ಮೇಲೆ ಕೂತು ಪೊರಕೆ ಕಟ್ಟುತ್ತಿದ್ದಳು. ಕಾಗದವನ್ನು ಅವಳ ಮುಂದೆ ಹಿಡಿದೆ.

“ಅತ್ತೆ, ಇದು ಯಾರ್ದು?”

“ನಂದೇ. ಯಾಕೆ?”

“ಎಲ್ಲಿ ಒತ್ತಿದ್ರಿ?”

“ಎಲ್ಲೆಲ್ಲಿ ಒತ್ತಿದೀನೋ ಯಾರಿಗೆ ನೆನಪು.” ಕಣ್ಣು ಕಿರಿದು ಮಾಡಿ ನೋಡಿದಳು. “ಹ್ಞಾ, ಆ ಕ್ಯಾಂಪು. ಹದಿನೈದು ದಿನ ಗುಡ್ಸಿದ್ದೆ. ಹಾಜರಿಗೆ ಅಂತ ಹದಿನೈದು ಕಾಗದ ಮುಂದಿಟ್ರು. ದಿನಕ್ಕೊಂದು ಅಂತ ಒತ್ತಿದೆ. ಒಂದೊಂದಕ್ಕೂ ಕೈ ಹಿಡಿದು ಒತ್ತಿಸ್ದ ಆ ಸೂಪರ್‌ವೈಸರು. ಬಾಳ ಒಳ್ಳೆಯೋನು.”

ನನ್ನ ನಾಲಿಗೆಗೆ ಐದು ವರ್ಷದ ವಿಷ ಬಂತು. ಎಲ್ಲವನ್ನೂ ಹೇಳಿದೆ. ನಿಧಾನಕ್ಕೆ ಹೇಳಬಹುದಿತ್ತು, ಹೇಳಲಿಲ್ಲ. “ಹದಿನೈದು ಹುಡುಗ್ರನ್ನ ಕತ್ತರಿಸಿದ್ರು. ಅವರಿಗೆ ಹೆಂಡ್ತಿ ಬೇಕಾಗಿತ್ತು, ನಿಮ್ಮನ್ನ ಹೆಂಡ್ತಿ ಮಾಡಿದ್ರು. ಇದು ನಿಮ್ಮ ಮಗಂದು. ನಿಮ್ಮ ಮಗನ ಹೆಂಡ್ತಿ ಜಾಗದಲ್ಲಿ ನಿಮ್ಮ ಹೆಬ್ಬೆಟ್ಟಿದೆ. ಮುಖಕ್ಕೆ ಟವೆಲ್ ಹಾಕ್ಕೊಂಡು ಮಲಗಿದ್ದ, ನೀವು ಅವನ ಮಂಚದ ಕೆಳಗೆ ಒರೆಸಿದ್ರಿ. ಬಂಜೆ ನಾನಲ್ಲ. ನಿಮ್ಮ ವಂಶಾನ ನೀವೇ ಒತ್ತಿ ಮುಗಿಸಿದ್ರಿ.”

ಅತ್ತೆ ತನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತಳು. ಆಮೇಲೆ ಅದನ್ನು ನೆಲಕ್ಕೆ ಉಜ್ಜತೊಡಗಿದಳು. ಸಿಮೆಂಟಿನ ನೆಲ. ಚರ್ಮ ಕಿತ್ತು ರಕ್ತ ಬಂತು. ನಾನೇ ಹೋಗಿ ಕೈ ಹಿಡಿದುಕೊಂಡೆ. ಸಿಟ್ಟು ಇಳಿದಿರಲಿಲ್ಲ. ಆದರೂ ಹಿಡಿದುಕೊಂಡೆ.

“ಬರಡು ಅಂದ್ನಲ್ಲೇ ನಿನ್ನ” ಅಂದಳು ಕೊನೆಗೆ. “ಎಷ್ಟು ಸಲ ಅಂದೆ?”

“ಲೆಕ್ಕ ಇಟ್ಟಿಲ್ಲ.”

“ಯಾವ ಆಫೀಸು ಅದು? ನನ್ನ ಕರ್ಕೊಂಡು ಹೋಗು.”

ಮಾರನೆಯ ದಿನ ಮೂವರೂ ಹೋದೆವು. ದೊಡ್ಡ ಸಾಹೇಬನ ಕೋಣೆಯಲ್ಲಿ ಫ್ಯಾನು, ಗಾಜಿನ ಮೇಜು, ಗೋಡೆಯಗಲದ ಕಬ್ಬಿಣದ ಬೀರು. ನಾಲ್ಕು ಕುರ್ಚಿ ಖಾಲಿಯಿದ್ದವು. ಕೂರಿ ಅನ್ನಲಿಲ್ಲ. ಗುಮಾಸ್ತ ಮೊದಲೇ ಕಿವಿ ಊದಿದ್ದನೆಂದು ಕಾಣುತ್ತದೆ, ಸಾಹೇಬನ ಬಾಯಿ ಬೆಣ್ಣೆಯಾಗಿತ್ತು.

“ನೋಡಮ್ಮ, ಹಳೇದನ್ನ ಕೆದಕಿ ಯಾರು ಉದ್ಧಾರ ಆಗಿದಾರೆ? ನಿಂಗೆ ಬೇಕಾಗಿರೋದು ಮಗು. ನಂಗೂ ಹೆಣ್ಣುಮಕ್ಕಳಿದಾರೆ, ಅರ್ಥ ಆಗುತ್ತೆ. ಈ ಎರಡಕ್ಕೆ ಸಹಿ ಹಾಕು. ಸರ್ಜನ್ ಮುಂದಿನ ವಾರ ಬರ್ತಾರೆ. ನಿನ್ನ ಗಂಡನ ಹೆಸರೇ ಮೊದಲು. ನಾನೇ ಬರೆಸ್ತೀನಿ.”

ಮುಂದಿನ ವಾರ. ಗಂಡ ನನ್ನ ಕಡೆ ನೋಡಿದ. ಸಾಹೇಬ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟ.

“ಸಾಹೇಬ್ರೇ” ಅಂದಳು ಅತ್ತೆ. “ಸಹಿ ಹಾಕ್ಬೇಕಾದೋಳು ಅವಳಲ್ಲ. ತಾಯಿ ಸಹಿ ಅಂತಲ್ವಾ ಇರೋದು? ನಿಮ್ಮ ಕಾಗದದಲ್ಲಿ ಆ ಹದಿನೈದು ಜನದ ಹೆಂಡ್ತಿ ನಾನೇ. ನೀವೇ ಕೈ ಹಿಡಿದು ಮದುವೆ ಮಾಡಿಸಿದ್ರಿ. ಆ ಹದಿನೈದು ಗಂಡಂದಿರಲ್ಲಿ ಒಬ್ಬ ಇವನು, ನನ್ನ ಹೊಟ್ಟೇಲಿ ಹುಟ್ಟಿದೋನು. ನೋಡ್ಕೊಳ್ಳಿ.”

ಮೇಜಿನ ಮೇಲಿದ್ದ ಇಂಕ್ ಪ್ಯಾಡಿಗೆ ಗಾಯದ ಹೆಬ್ಬೆರಳನ್ನು ಅದ್ದಿದಳು. ಗಾಜಿನ ಮೇಲೆ ಒತ್ತಿದಳು. ಬಿಳಿ ಗೆರೆ ಎದ್ದು ಕಂಡಿತು. ಇಂಕಿಗೆ ರಕ್ತವೂ ಸೇರಿತ್ತು.

ಸಾಹೇಬನ ಬೆಣ್ಣೆ ಕರಗಿತು. “ಏಯ್ ಮುದುಕಿ! ಬೇರೆಯೋರ ಹೆಂಡ್ತಿ ಅಂತ ಸುಳ್ಳು ಹೆಬ್ಬೆಟ್ಟು ಒತ್ತಿದೋಳು ನೀನು. ಜೈಲಿಗೆ ಹೋಗೋದು ನೀನೇ, ಗೊತ್ತಾ? ಪಿಂಚಣೀನೂ ನಿಲ್ಲುತ್ತೆ.”

“ಕಳ್ಸಿ. ಜೈಲಲ್ಲೂ ಗುಡ್ಸೋಕೆ ಯಾರಾದ್ರೂ ಬೇಕಲ್ಲ.”

ಸಾಹೇಬ ನನ್ನ ಕಡೆ ತಿರುಗಿದ. “ನೀನು ಬುದ್ಧಿವಂತೆ ಥರ ಕಾಣ್ತೀಯ. ಹೇಳಮ್ಮ ನಿನ್ನತ್ತೆಗೆ. ಈ ಸಲ ತಪ್ಪಿದ್ರೆ ಮತ್ತೆ ಮೂರು ತಿಂಗಳು. ತನಿಖೆ ಗಿನಿಖೆ ಅಂತ ಶುರುವಾದ್ರೆ ಮೂರು ವರ್ಷ. ಅಷ್ಟೊತ್ತಿಗೆ ನಿನ್ನ ವಯಸ್ಸೆಷ್ಟು?”

ಪೆನ್ನು ನನ್ನ ಮುಂದೆಯೇ ಇತ್ತು. ಅವನು ಹೇಳಿದ್ದು ಸುಳ್ಳಲ್ಲ. ಡಾಕ್ಟರಮ್ಮನೂ ಅದನ್ನೇ ಹೇಳಿದ್ದಳು. ನಾನು ಪೆನ್ನು ತೆಗೆದುಕೊಂಡೆ. ಫಾರಂ ತಿರುಗಿಸಿ ಅವನ ಕಡೆಗೆ ತಳ್ಳಿದೆ. ಪೆನ್ನನ್ನು ಅದರ ಮೇಲಿಟ್ಟೆ.

“ನೀವೇ ಬರೀರಿ” ಅಂದೆ. “‘ಇವನಿಗೆ ಮಕ್ಕಳಿರ್ಲಿಲ್ಲ. ಮದುವೆ ಆಗಿರ್ಲಿಲ್ಲ. ನಾನು ಸುಳ್ಳು ಬರೆದೆ.’ ಮೂರೇ ಸಾಲು. ಹುಟ್ಟಿಸಿದ್ದು ನೀವು. ಸಾಯಿಸೋಕೆ ನನ್ನ ಕೈ ಬೇಕಾ? ದಿನಾ ಊರ ಹೆಂಗಸರ ರಕ್ತ ತುಳಿದು ತೊಳೀತೀನಿ. ನಿಮ್ಮದನ್ನ ತೊಳೆಯಲ್ಲ.”

“ಹಂಗಾದ್ರೆ ಆಪರೇಷನ್ ಇಲ್ಲ.”

“ಬೇಡ.”

ಬೇಡ ಅಂದ ಬಾಯಿ ನನ್ನದೇನಾ ಅಂತ ಕೇಳಿಕೊಳ್ಳುತ್ತಲೇ ಮೆಟ್ಟಿಲಿಳಿದೆ. ರಸ್ತೆಗೆ ಬಂದ ಮೇಲೆ, ಎಲ್ಲರೂ ನೋಡುತ್ತಿರುವಾಗಲೇ, ಗಂಡ ನನ್ನ ಕೈ ಹಿಡಿದುಕೊಂಡ. ಹಿಡಿದುಕೊಂಡೇ ಮನೆತನಕ ಬಂದ.

ಸರ್ಜನ್ ಬಂದರು, ಹೋದರು. ನಮ್ಮ ಹೆಸರಿನ ಮೇಲೆ ಗೀಟು ಬಿದ್ದಿತ್ತು. “ನನ್ನ ಕೈಲಿಲ್ಲಮ್ಮ” ಅಂದಳು ಡಾಕ್ಟರಮ್ಮ, ಕಣ್ಣು ತಪ್ಪಿಸಿ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ದತ್ತಿನ ಕಡೆಯಿಂದಲೂ ಕಾಗದ ಬಂತು: ಈಗಾಗಲೇ ಇಬ್ಬರು ಮಕ್ಕಳಿರುವುದರಿಂದ ತಮ್ಮ ಅರ್ಜಿಯನ್ನು ಸದ್ಯಕ್ಕೆ ಪರಿಗಣಿಸಲಾಗುವುದಿಲ್ಲ. ಅತ್ತೆಯ ಪಿಂಚಣಿ ಹೇಳಿದಂತೆಯೇ ನಿಂತಿತು. ನಾನು ತೊಟ್ಟಿಗಿಳಿದೆ. ಮೂರು ನೀರು ತುಳಿದೆ. ಯಾರಿಗೆ ಬೇಕು ನಿನ್ನ ಈ ಪೌರುಷ, ಸಹಿ ಹಾಕಿದ್ದರೆ ಏನು ಹೋಗುತ್ತಿತ್ತು ಅಂತ ನನ್ನನ್ನು ನಾನೇ ಬೈದುಕೊಂಡ ದಿನಗಳೂ ಇವೆ. ಈಗಲೂ ಬೈದುಕೊಳ್ಳುತ್ತೇನೆ.

ಅತ್ತೆ ಮಾತ್ರ ಸುಮ್ಮನೆ ಕೂರಲಿಲ್ಲ. ಉಳಿದ ಹದಿನಾಲ್ಕು ಜನರ ಮನೆ ಹುಡುಕಿಕೊಂಡು ಹೊರಟಳು. ಒಂದೊಂದೇ ಬಾಗಿಲಿಗೆ ಹೋಗಿ ಹೆಬ್ಬೆರಳು ತೋರಿಸಿದಳು. “ಇದೇ ಕಣಮ್ಮ ನಿನ್ನ ಸಂಸಾರ ಹಾಳು ಮಾಡಿದ್ದು. ಉಗೀಬೇಕಿದ್ರೆ ಉಗಿ. ಆಮೇಲೆ ನನ್ನ ಜೊತೆ ಬಾ.” ಇಬ್ಬರು ನಿಜವಾಗಿ ಉಗಿದರು. ಒರೆಸಿಕೊಂಡು ಮುಂದಿನ ಮನೆಗೆ ಹೋದಳು. ಮನೆಮನೆಯಲ್ಲೂ ಒಬ್ಬೊಬ್ಬ ಹೆಂಗಸು ಬಂಜೆ ಅನ್ನಿಸಿಕೊಂಡು ಕೂತಿದ್ದಳು. ಒಬ್ಬಳನ್ನು ತವರಿಗೆ ಅಟ್ಟಿದ್ದರು, ಅವಳನ್ನೂ ಕರೆಸಿದಳು. ಹದಿನೈದರಲ್ಲಿ ಇಬ್ಬರು ಊರು ಬಿಟ್ಟಿದ್ದರು. ಒಬ್ಬ ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸತ್ತಿದ್ದ. ಅಪ್ಪ ಸತ್ತರೂ ರಿಜಿಸ್ಟರಿನಲ್ಲಿ ಅವನ ಮಕ್ಕಳು ಬದುಕಿವೆ.

ಸೋಮವಾರ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಒಪ್ಪಿ ಬಂದಷ್ಟು ಜನ ಗೇಟಿನ ಮುಂದೆ ನಿಂತೆವು. ಗಂಡಸರು ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ನನ್ನ ಗಂಡ ಮೊದಲ ಸಾಲಿನಲ್ಲಿದ್ದ. ಮುಖದ ಮೇಲೆ ಏನೂ ಹಾಕಿಕೊಂಡಿರಲಿಲ್ಲ. ಕಾವಲುಗಾರ ಮೂಗು ಮುಚ್ಚಿಕೊಂಡು ಪುಸ್ತಕ ತೆರೆದ. ಒಳಗೆ ಹೋಗುವವರೆಲ್ಲ ಬರೆಸಬೇಕಂತೆ.

“ಎಷ್ಟು ಜನ?”

“ದೊಡ್ಡವರು ಇಪ್ಪತ್ತೆರಡು” ಅಂದೆ. “ಮಕ್ಕಳು ಮೂವತ್ತು.”

ಅವನು ನಮ್ಮ ಹಿಂದೆ ಮುಂದೆ ನೋಡಿದ. “ಮಕ್ಕಳೆಲ್ಲಿ?”

“ಒಳಗಿದಾವೆ. ನಿಮ್ಮ ಸಾಹೇಬ್ರ ಬೀರುವಿನಲ್ಲಿ. ಹನ್ನೊಂದು ವರ್ಷದಿಂದ ಬೀಗ ಹಾಕಿಟ್ಟಿದಾರೆ. ನಾವು ಅವರ ಅಪ್ಪ ಅಮ್ಮ. ತೆಗಿ ಗೇಟು.”